ದಾವಣಗೆರೆಯ ಟ್ಯೂನಿಂಗ್ ಗ್ಯಾರೇಜು: ಕೈಕೆಲಸ ಉತ್ತಮ, ವಾರಂಟಿಯ ಭರವಸೆ ಒಪ್ಪತಕ್ಕದ್ದಲ್ಲ

ಪಿ.ಬಿ. ರಸ್ತೆಗೆ ಹೊಂದಿಕೊಂಡ ಅಡ್ಡರಸ್ತೆಯ ಈ ಗ್ಯಾರೇಜಿನಲ್ಲಿ ನಮ್ಮ ಮನೆಯ ಎರಡು ವಾಹನಗಳಿಗೆ ಕೆಲಸ ಮಾಡಿಸಿದ್ದೇನೆ. ಒಂದು 2016ರ ಡೀಸೆಲ್ ಎಸ್‌ಯುವಿ. ಅದರ ವಾರಂಟಿ ಮುಗಿದು ವರ್ಷಗಳೇ ಆಗಿವೆ. ಇನ್ನೊಂದು, ಕಂಪನಿಯ ವಾರಂಟಿ ಇನ್ನೂ ಜಾರಿಯಲ್ಲಿರುವ ಬಿಎಸ್‌6 ಡೀಸೆಲ್ ಕಾರು. ಹಳೆಯದಕ್ಕೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದೆ. ಹೊಸದಕ್ಕೆ ಫಾಗ್ ಲ್ಯಾಂಪ್ ಮತ್ತು ಹಾರ್ನ್ ಹಾಕಿಸಿದೆನೇ ಹೊರತು ಎಂಜಿನ್ನಿನ ತಂಟೆಗೆ ಹೋಗಲಿಲ್ಲ. ಒಂದೇ ಗ್ಯಾರೇಜು, ಒಂದೇ ಕೈಗಳು ಆಗಿದ್ದರೂ ಎರಡು ವಾಹನಗಳಿಗೆ ಎರಡು ರೀತಿಯ ನಿರ್ಧಾರ ತೆಗೆದುಕೊಂಡದ್ದಕ್ಕೆ ವಾರಂಟಿಯೇ ಕಾರಣ. ಅಲ್ಲಿಗೆ ಹೋಗಬೇಕೆಂದಿರುವವರಿಗೆ ಇದನ್ನು ವಿವರವಾಗಿ ತಿಳಿಸುವುದು ಅಗತ್ಯವೆಂದು ಭಾವಿಸುತ್ತೇನೆ.

ಮೊದಲು ಹಳೆಯ ವಾಹನದ ವಿಷಯ. ಎಂಜಿನ್ನಿಗೆ ಯಾವ ವೇಗದಲ್ಲಿ, ಯಾವ ಹೊರೆಗೆ, ಎಷ್ಟು ಡೀಸೆಲ್ ಯಾವ ಕ್ಷಣದಲ್ಲಿ ಹೋಗಬೇಕು, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಷ್ಟು ಒತ್ತಡ ಕೊಡಬೇಕು, ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಎಲ್ಲಿಗೆ ನಿಲ್ಲಬೇಕು ಎಂಬ ಕೋಷ್ಟಕಗಳು ಇಸಿಯುವಿನ ಒಳಗಿರುತ್ತವೆ. ಈ ಕೋಷ್ಟಕಗಳಿಗೆ ಮ್ಯಾಪ್ ಎನ್ನುತ್ತಾರೆ; ರೀಮ್ಯಾಪ್ ಎಂದರೆ ಆ ಅಂಕಿಗಳನ್ನು ತಿದ್ದುವುದು. ಟರ್ಬೊ ಡೀಸೆಲ್ ಎಂಜಿನ್ನಿನಲ್ಲಿ ಬಿಡಿಭಾಗ ಬದಲಿಸದೆ ಮಾಡುವ ಸ್ಟೇಜ್ 1 ಕೆಲಸದಿಂದ ಸಾಮಾನ್ಯವಾಗಿ ಶೇ. 20ರಿಂದ 30ರಷ್ಟು ಹೆಚ್ಚು ಶಕ್ತಿ ಸಿಗುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಶೇ. 10 ಸಿಕ್ಕುವುದೂ ಕಷ್ಟ, ಹಾಗಾಗಿ ಅಂಥ ಕಾರಿನವರು ಹಣ ಉಳಿಸಿಕೊಳ್ಳುವುದು ಒಳ್ಳೆಯದು. ಈ ಗ್ಯಾರೇಜಿನವರು ನಮ್ಮ ವಾಹನಕ್ಕೆ ಲ್ಯಾಪ್‌ಟಾಪ್ ಜೋಡಿಸುವ ಮೊದಲು ಕ್ಲಚ್ ಪರೀಕ್ಷಿಸಿದರು. ಮೇಲಿನ ಗೇರಿನಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ವಾಹನದ ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ ಎಂದರ್ಥ; ಅಂಥ ಕ್ಲಚ್ಚಿನ ಮೇಲೆ ಇನ್ನಷ್ಟು ಟಾರ್ಕ್ ಹೇರಿದರೆ ಅದು ಬೇಗನೆ ಸುಟ್ಟುಹೋಗುತ್ತದೆ. ಈ ಎಚ್ಚರಿಕೆ ನನಗೆ ಬಹಳ ಮೆಚ್ಚುಗೆಯಾಯಿತು. ಮೂಲ ಫೈಲನ್ನು ಓದಿ ಉಳಿಸಿಕೊಂಡು, ಅದರ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರು.

ಫಲಿತಾಂಶವೂ ಚೆನ್ನಾಗಿದೆ. ಮನೆಯವರೆಲ್ಲರೂ ಸಾಮಾನು ಸಮೇತ ಕುಳಿತು ಹೆದ್ದಾರಿಯಲ್ಲಿ ಚಿತ್ರದುರ್ಗದ ಕಡೆ ಹೊರಟಾಗ, ಮೊದಲೆಲ್ಲ ಲಾರಿ ದಾಟಲು ಗೇರ್ ಇಳಿಸಬೇಕಾಗಿದ್ದ ಏರುಗಳಲ್ಲಿ ಈಗ ಅದೇ ಗೇರಿನಲ್ಲಿ ನಿರಾಯಾಸವಾಗಿ ಮುಂದೆ ಹೋಗುತ್ತದೆ. ಕಪ್ಪು ಹೊಗೆ ಇಲ್ಲ, ಟೆಂಪರೇಚರ್ ಮುಳ್ಳು ತನ್ನ ಸ್ಥಾನ ಬಿಟ್ಟಿಲ್ಲ. ಆ ವಾಹನದ ಎಂಜಿನ್ ಕೆಟ್ಟರೆ ಖರ್ಚು ನನ್ನದೇ ಎಂಬುದು ರೀಮ್ಯಾಪಿಗೆ ಮೊದಲೂ ನಿಜವಾಗಿತ್ತು, ಈಗಲೂ ನಿಜ. ಆದ್ದರಿಂದ ಅಲ್ಲಿ ಕಳೆದುಕೊಂಡದ್ದು ಏನೂ ಇಲ್ಲ.

ಹೊಸ ಕಾರಿನ ವಿಷಯಕ್ಕೆ ಬಂದಾಗ ಗ್ಯಾರೇಜಿನ ಮಾಲೀಕರ ಮಾತಿನ ಧಾಟಿ ಬೇರೆಯಾಯಿತು. "ಇದಕ್ಕೂ ಸ್ಟೇಜ್ ಒನ್ ಮಾಡಿಸ್ರಿ ಸರ್. ಕಂಪನಿ ಸರ್ವೀಸ್‌ಗೆ ಬಿಡೋಕೆ ಮುಂಚೆ ಇಲ್ಲಿಗೆ ಬರ್ರಿ, ಹಳೇ ಮ್ಯಾಪ್ ಹಾಕಿ ಕೊಡ್ತೀವಿ. ಯಾರಿಗೂ ಗೊತ್ತಾಗಲ್ಲ" ಎಂದರು. ಈ ಭರವಸೆಯನ್ನು ನಾನು ಒಪ್ಪುವುದಿಲ್ಲ. ಇಂದಿನ ಇಸಿಯುಗಳಲ್ಲಿ ಒಳಗಿನ ತಂತ್ರಾಂಶದ ಗುರುತಿನ ಸಂಖ್ಯೆ ಇರುತ್ತದೆ. ಅದರ ಜೊತೆಗೆ, ಆ ತಂತ್ರಾಂಶದ ಒಟ್ಟು ಅಂಕಿಗಳಿಂದ ಲೆಕ್ಕ ಹಾಕಿದ ತಾಳೆಸಂಖ್ಯೆಯೂ ಇರುತ್ತದೆ. ಕೋಷ್ಟಕದಲ್ಲಿ ಒಂದಂಕಿ ತಿದ್ದಿದರೂ ತಾಳೆಸಂಖ್ಯೆ ಬದಲಾಗುವ ಸಾಧ್ಯತೆಯಿದ್ದು, ಸರ್ವೀಸ್ ಸೆಂಟರಿನ ಸ್ಕ್ಯಾನರ್ ಅದನ್ನು ಕಂಪನಿಯ ದಾಖಲೆಯೊಂದಿಗೆ ಹೋಲಿಸಬಲ್ಲದು. ಹಳೆಯ ಮ್ಯಾಪ್ ಮರಳಿ ಹಾಕಿದರೆ ಇದು ಸರಿಹೋಗಬಹುದು. ಆದರೆ ಅನೇಕ ಇಸಿಯುಗಳು ತಮ್ಮೊಳಗೆ ಎಷ್ಟು ಬಾರಿ ಬರೆಯಲಾಗಿದೆ ಎಂಬ ಎಣಿಕೆಯನ್ನೂ ಇಟ್ಟುಕೊಂಡಿರುತ್ತವೆ. ಮೂಲ ಫೈಲನ್ನು ಮರಳಿ ಬರೆಯುವುದೂ ಒಂದು ಬರವಣಿಗೆಯೇ ಆದ್ದರಿಂದ ಆ ಎಣಿಕೆ ಇಳಿಯುವುದಿಲ್ಲ, ಏರುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಂತೂ ಇಂಥ ಬದಲಾವಣೆ ಪತ್ತೆಯಾದರೆ ಆ ವಾಹನದ ಮೇಲೆ ಕಂಪನಿಯ ದಾಖಲೆಯಲ್ಲಿ ಟಿಡಿ1 ಎಂಬ ಗುರುತು ಬೀಳುತ್ತದೆ. ಅದು ಎಂಜಿನ್ ಮತ್ತು ಗೇರ್‌ಬಾಕ್ಸಿನ ಕ್ಲೇಮುಗಳಿಗೆ ಅಡ್ಡ ಬರುತ್ತದೆ. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಎಂಜಿನ್ ಕೆಟ್ಟು ದಾರಿಯಲ್ಲಿ ನಿಂತ ವಾಹನವನ್ನು ಟೋಯಿಂಗ್ ಗಾಡಿ ನೇರವಾಗಿ ಕಂಪನಿಯ ವರ್ಕ್‌ಶಾಪಿಗೆ ಒಯ್ಯುತ್ತದೆ. ವಾರಂಟಿ ನಿಜವಾಗಿ ಬೇಕಾಗುವುದು ಆ ದಿನವೇ, ಮತ್ತು ಆ ದಿನ ಹಳೆಯ ಮ್ಯಾಪ್ ಹಾಕಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ.

ಇಸಿಯು ಮುಟ್ಟದೆ ಸೆನ್ಸರ್ ಮತ್ತು ಇಸಿಯು ನಡುವೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸನ್ನೂ ಇವರು ಮಾರುತ್ತಾರೆ. ಅದು ತಂತ್ರಾಂಶದಲ್ಲಿ ಗುರುತು ಬಿಡುವುದಿಲ್ಲ ಎಂಬುದು ನಿಜ. ಆದರೆ ರೈಲ್ (ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆ) ಒತ್ತಡದ ಸುಳ್ಳು ಅಂಕಿಯನ್ನು ಇಸಿಯುವಿಗೆ ತೋರಿಸಿ ಹೆಚ್ಚು ಡೀಸೆಲ್ ಹಾಯಿಸುವ ಆ ವಿಧಾನಕ್ಕಿಂತ ಸರಿಯಾಗಿ ಮಾಡಿದ ರೀಮ್ಯಾಪ್ ಎಷ್ಟೋ ಮೇಲು. ಹೆಚ್ಚಿನ ಶಾಖದಿಂದ ಕರಗಿದ ಪಿಸ್ಟನ್ ಅಥವಾ ಮಿತಿ ಮೀರಿ ತಿರುಗಿ ಹಾಳಾದ ಟರ್ಬೊವನ್ನು ಬಿಚ್ಚಿ ನೋಡಿದ ಅನುಭವಿ ಮೆಕ್ಯಾನಿಕ್‌ಗೆ ಕಾರಣ ಊಹಿಸಲು ಸ್ಕ್ಯಾನರ್ ಬೇಕಾಗುವುದಿಲ್ಲ.

ಹಾಗೆಂದು, ಒಂದು ಮಾರ್ಪಾಡಿನಿಂದ ಇಡೀ ವಾರಂಟಿ ರದ್ದಾಗುತ್ತದೆ ಎಂದು ಹೆದರಿಸುವವರ ಮಾತೂ ಸರಿಯಲ್ಲ. ರೀಮ್ಯಾಪಿಗೂ ಕಿಟಕಿಯ ಮೋಟಾರು ಕೆಡುವುದಕ್ಕೂ ಸಂಬಂಧವಿಲ್ಲ. ಮಾರ್ಪಾಡು ದೋಷಕ್ಕೆ ಕಾರಣವಾಯಿತೇ ಎಂಬುದೇ ನ್ಯಾಯವಾಗಿ ಕೇಳಬೇಕಾದ ಪ್ರಶ್ನೆ. ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯಿಂದಾಗಿ, ಹೊರಗಿನ ಬಿಡಿಭಾಗ ಬಳಸಿದ ಮಾತ್ರಕ್ಕೆ ವಾರಂಟಿ ನಿರಾಕರಿಸುವಂತಿಲ್ಲ. ನಮ್ಮಲ್ಲಿ ವಾರಂಟಿ ಪುಸ್ತಿಕೆಯ ಷರತ್ತುಗಳೇ ಮೊದಲ ಆಧಾರ. ಅದನ್ನು ಖರೀದಿಯ ದಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟು ಮರೆಯುವವರೇ ಹೆಚ್ಚು. ನಿರಾಕರಣೆ ಅನ್ಯಾಯವೆನಿಸಿದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕಂಪನಿ ಎಲ್ಲಿದ್ದರೂ ದಾವಣಗೆರೆಯವರು ಊರು ಬಿಟ್ಟು ಅಲೆಯಬೇಕಾಗಿಲ್ಲ. ದೋಷವನ್ನು ಪರೀಕ್ಷೆಯಿಂದಲೇ ತಿಳಿಯಬೇಕಾದಾಗ ಆಯೋಗವು ಪ್ರಯೋಗಾಲಯದ ವರದಿ ತರಿಸಬಹುದು. ಆದರೆ ಇದೇ ಕಾಯ್ದೆಯ 87ನೇ ಕಲಮು, ಉತ್ಪನ್ನವನ್ನು ಮಾರ್ಪಡಿಸಿದ್ದಾಗ ಸಂಭವಿಸಿದ ಹಾನಿಗೆ ಮಾರಾಟಗಾರನನ್ನು ಉತ್ಪನ್ನ ಹೊಣೆಯಡಿ (ದೋಷವುಳ್ಳ ಉತ್ಪನ್ನದಿಂದಾದ ಹಾನಿಗೆ ಪರಿಹಾರ ಕೊಡುವ ಹೊಣೆ) ಗುರಿ ಮಾಡುವಂತಿಲ್ಲ ಎನ್ನುತ್ತದೆ. ವರದಿಯಲ್ಲಿ ತಿದ್ದಿದ ಮ್ಯಾಪ್ ಕಂಡುಬಂದರೆ ಟರ್ಬೊಗಾಗಲಿ ಪಿಸ್ಟನ್ನಿಗಾಗಲಿ ವಾದ ಮಾಡುವುದು ಬಹಳ ಕಷ್ಟ. ಕಂಪನಿಯು ಕೆಟ್ಟ ಇಂಧನ, ಬೇಸಿಗೆಯ ಶಾಖ, ತಡವಾದ ಆಯಿಲ್ ಬದಲಾವಣೆ ಇವುಗಳಿಗಾಗಿ ಎಂಜಿನ್ನಿನಲ್ಲಿ ಉಳಿಸಿದ ಹೆಚ್ಚುವರಿ ತಾಳಿಕೆಯನ್ನೇ ಟ್ಯೂನಿಂಗ್ ಬಳಸಿಕೊಳ್ಳುತ್ತದೆ. ಆ ಭಾಗದ ಹೊಣೆಯನ್ನು ಕಂಪನಿ ಹೊರಲು ಒಪ್ಪದಿರುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಹೊಸ ಕಾರಿನ ದೀಪದ ಕೆಲಸ ಮಾತ್ರ ಹೊಗಳಲೇಬೇಕಾದದ್ದು. ನಮ್ಮ ಮಾದರಿಯಲ್ಲಿ ಬಂಪರಿನಲ್ಲಿ ಜಾಗವಿದ್ದರೂ ಫಾಗ್ ಲ್ಯಾಂಪ್ ಇರಲಿಲ್ಲ. ಇಲ್ಲಿನ ಎಲೆಕ್ಟ್ರಿಷಿಯನ್ ಕಂಪನಿಯ ವೈರಿಂಗಿನ ಒಂದು ಎಳೆಯನ್ನೂ ಕತ್ತರಿಸದೆ, ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಇಟ್ಟು, ಕಪ್ಲರಿನಿಂದ ಕಪ್ಲರಿಗೆ (ಸಿಕ್ಕಿಸಿ ತೆಗೆಯಬಹುದಾದ ವೈರು ಜೋಡಕ) ಜೋಡಿಸಿದರು. ವೈರಿನ ಮೇಲ್ಪದರ ಸುಲಿದು ಟೇಪು ಸುತ್ತುವ ಪದ್ಧತಿಯಿಂದಲೇ ಎಷ್ಟೋ ವಾಹನಗಳ ಎಲೆಕ್ಟ್ರಿಕಲ್ ವಾರಂಟಿ ಹೋಗುತ್ತದೆ. ದೀಪಗಳ ವಿದ್ಯುತ್ತನ್ನು ಕಂಪ್ಯೂಟರೇ ಅಳೆಯುವ ಈ ಕಾಲದ ಕಾರುಗಳಲ್ಲಿ ಅಂಥ ಗಂಟುಗಳು ಬೇರೆ ದೋಷಗಳನ್ನೂ ತರುತ್ತವೆ, ಕೆಲವೊಮ್ಮೆ ಬೆಂಕಿಯನ್ನೂ. ಮುಂದಿನ ಸರ್ವೀಸಿನಲ್ಲಿ ಕಂಪನಿಯ ಸಲಹೆಗಾರರು ಬಾನೆಟ್ ತೆಗೆದು ಈ ಜೋಡಣೆಯನ್ನು ಪರಿಶೀಲಿಸಿ, ಜಾಬ್ ಕಾರ್ಡಿನಲ್ಲಿ ಬರೆದುಕೊಂಡರು. ಆದರೂ ಕೆಟ್ಟಿದ್ದ ಕಿಟಕಿ ಮೋಟಾರನ್ನು ತಕರಾರಿಲ್ಲದೆ ವಾರಂಟಿಯಲ್ಲಿ ಬದಲಿಸಿದರು.

ವಾರಂಟಿಯ ಆಚೆಗೂ ಮಾರ್ಪಾಡಿಗೆ ಮಿತಿಗಳಿವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ₹5,000 ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಸಿಎನ್‌ಜಿ ಕಿಟ್ ಹಾಕಿಸುವವರು ಆರ್‌ಟಿಒ ಕಚೇರಿಯಲ್ಲಿ ನೋಂದಣಿ ಪತ್ರದ ಮೇಲೆ ದಾಖಲಿಸಿಕೊಂಡು, ವಿಮೆಯವರಿಗೂ ತಿಳಿಸಬೇಕು. ಡಿಪಿಎಫ್ (ಡೀಸೆಲ್ ಹೊಗೆಯ ಮಸಿಯನ್ನು ಹಿಡಿಯುವ ಸೋಸಕ) ತೆಗೆದುಕೊಡಿ ಎಂದು ನನ್ನೆದುರಿಗೇ ಕೇಳಿದ ಗ್ರಾಹಕರೊಬ್ಬರಿಗೆ ಮಾಲೀಕರು ಖಡಾಖಂಡಿತವಾಗಿ ಆಗದು ಎಂದರು. ಊರಿನ ಗಾಳಿಗೆ ಸಂಬಂಧಿಸಿದ ಈ ವಿಷಯದಲ್ಲಿ ಅವರು ತೋರಿದ ದೃಢತೆಯನ್ನು ಗೌರವಿಸುತ್ತೇನೆ.

ನನ್ನ ಮುಖ್ಯ ಆಕ್ಷೇಪ ಬಿಲ್ಲಿನ ಬಗ್ಗೆ. ದೀಪದ ಕೆಲಸಕ್ಕೆ ವಿವರವಾದ ಜಿಎಸ್‌ಟಿ ಬಿಲ್ ಕೊಟ್ಟವರು, ₹30,000ದ ಆಸುಪಾಸಿನ ರೀಮ್ಯಾಪಿಗೆ "ಜನರಲ್ ಸರ್ವೀಸ್" ಎಂದಷ್ಟೇ ಬರೆದರು. ಗ್ರಾಹಕರ ಹಿತಕ್ಕಾಗಿಯೇ ಹೀಗೆ ಬರೆಯುವುದು ಎಂಬುದು ಅವರ ವಿವರಣೆ. ಪರಿಣಾಮ ಇದಕ್ಕೆ ವಿರುದ್ಧ: ಟ್ಯೂನಿಂಗಿನಿಂದಲೇ ಎಂಜಿನ್ ಹಾಳಾದರೆ ಕಂಪನಿಯೂ ಹೊಣೆ ಹೊರುವುದಿಲ್ಲ, ಗ್ಯಾರೇಜಿನವರು ಆ ಕೆಲಸ ಮಾಡಿದ್ದಕ್ಕೂ ಪುರಾವೆ ಇರುವುದಿಲ್ಲ. ಕಂಪನಿಯ ವಾರಂಟಿ ಕಳೆಯುವ ಕೆಲಸ ಮಾಡುವವರು ತಮ್ಮ ಕೆಲಸಕ್ಕೆ ತಾವೇ ಲಿಖಿತ ಖಾತರಿ ಕೊಡುವುದು ನ್ಯಾಯ. ನಾನು ಪಟ್ಟು ಹಿಡಿದ ಮೇಲೆ ಲೆಟರ್‌ಹೆಡ್ಡಿನಲ್ಲಿ ವಾಹನದ ಸಂಖ್ಯೆ, ದಿನಾಂಕ, ಹೆಚ್ಚಿಸಿದ ಟಾರ್ಕ್ ಮಿತಿ ಇವನ್ನು ಬರೆದು ಸಹಿ ಹಾಕಿದರು. ತಂತ್ರಾಂಶಕ್ಕೆ ಒಂದು ವರ್ಷದ ಖಾತರಿ ಕೊಟ್ಟರು, ಎಂಜಿನ್ನಿಗೆ ಕೊಡಲು ಒಪ್ಪಲಿಲ್ಲ.

ವಾರಂಟಿ ಮುಗಿದ ಡೀಸೆಲ್ ವಾಹನಕ್ಕೆ ಟ್ಯೂನಿಂಗ್, ಯಾವ ವಾಹನಕ್ಕಾದರೂ ವೈರಿಂಗ್ ಕೆಲಸ: ಇವೆರಡಕ್ಕೂ ಈ ಗ್ಯಾರೇಜನ್ನು ಧೈರ್ಯವಾಗಿ ಸೂಚಿಸುತ್ತೇನೆ. ವಾರಂಟಿ ಉಳಿದಿರುವ ಕಾರಿನ ಎಂಜಿನ್ ತಂತ್ರಾಂಶವನ್ನು ಇಲ್ಲಿ ಮಾತ್ರವಲ್ಲ, ಎಲ್ಲಿಯೂ ಮುಟ್ಟಿಸಬೇಡಿ. ರೀಮ್ಯಾಪಿಗೆ ಇಡೀ ದಿನ ವಾಹನ ಬಿಡಬೇಕಾಗುತ್ತದೆ. ಪರೀಕ್ಷಾರ್ಥ ಓಡಿಸುವಾಗ ನಿಮ್ಮನ್ನೂ ಜೊತೆಗೆ ಕರೆದೊಯ್ಯುವಂತೆ ಮೊದಲೇ ಹೇಳಿ, ಹಣ ಕೊಡುವ ಮುನ್ನ ಸಹಿ ಮಾಡಿದ ವಿವರಪತ್ರ ಮತ್ತು ಮೂಲ ಫೈಲಿನ ಪ್ರತಿ ಕೇಳಿ ಪಡೆಯಿರಿ.