ಥಂಡಿ ಹಿಡಿದ ಹಳೆಯ ಗೋಡೆಗೆ ಸಿಮೆಂಟೋ, ಟೈಲ್ಸೋ, ಸುಣ್ಣದ ಗಾರೆಯೋ?

ಮೈಸೂರಿನ ಚಾಮುಂಡಿಪುರಂನಲ್ಲಿರುವ ನಮ್ಮ ತಾತನ ಕಾಲದ ಮನೆಯನ್ನು ಬಾಡಿಗೆಗೆ ಕೊಡಲು ಶುರು ಮಾಡಿ 14 ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಬಾಡಿಗೆದಾರರು ಹೇಳಿಕೊಂಡ ತೊಂದರೆಗಳಲ್ಲಿ ಮುಕ್ಕಾಲು ಪಾಲು ಒಂದೇ: ಗೋಡೆಯ ಬುಡ ಒದ್ದೆ, ಬಣ್ಣ ಉಬ್ಬುತ್ತಿದೆ, ಬೀರುವಿನ ಹಿಂದೆ ಬೂಷ್ಟು. ಇದಕ್ಕಾಗಿ ಮುಂದಿನ ಕೋಣೆಗೆ ಸಿಮೆಂಟ್ ಪ್ಲಾಸ್ಟರ್, ಅಡುಗೆಮನೆಗೆ ಟೈಲ್ಸ್, ನಡುಮನೆಗೆ ಸುಣ್ಣದ ಗಾರೆ ಮಾಡಿಸಿದ್ದೇನೆ. ಮೂರೂ ಒಂದೇ ಸೂರಿನ ಕೆಳಗೆ ಇರುವುದರಿಂದ ಹೋಲಿಸುವುದು ಸುಲಭ. ನನ್ನ ಮತ ಸುಣ್ಣದ ಗಾರೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸಿಮೆಂಟಿಗೆ ಎರಡು ಸಲ ಹಣ ಸುರಿದ ಮೇಲೆ ಬಂದ ಮತ ಇದು.

ಗೋಡೆ ಎಂಥದ್ದು ಎಂಬುದು ಗೊತ್ತಿಲ್ಲದೆ ಮದ್ದು ಹುಡುಕಿ ಪ್ರಯೋಜನವಿಲ್ಲ. ನಮ್ಮದು ಮಣ್ಣಿನ ಗಾರೆಯಲ್ಲಿ ಕಟ್ಟಿದ, 14 ಅಂಗುಲ ದಪ್ಪದ ಇಟ್ಟಿಗೆ ಗೋಡೆ. ಈಗಿನ ಮನೆಗಳಿಗೆ ತಳಪಾಯದ ಮೇಲೆ ನೀರು ತಡೆಯುವ ಕಾಂಕ್ರೀಟ್ ಪಟ್ಟಿ ಹಾಕುತ್ತಾರಲ್ಲ, ಅದು ಇಲ್ಲ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಇಟ್ಟಿಗೆ ನೆಲದ ನೀರನ್ನು ಎಳೆದುಕೊಳ್ಳುತ್ತದೆ. ತಾತನ ಕಾಲದಲ್ಲಿಯೂ ಎಳೆದುಕೊಳ್ಳುತ್ತಿತ್ತು. ಆದರೆ ಆಗ ಹೊರಗೂ ಒಳಗೂ ಸುಣ್ಣದ ಗಾರೆ ಇದ್ದುದರಿಂದ ಏರಿದ ನೀರು ಆವಿಯಾಗಿ ಹೊರಗೆ ಹೋಗುತ್ತಿತ್ತು.

2018ರಲ್ಲಿ ಮುಂದಿನ ಕೋಣೆಯ ಗೋಡೆಯನ್ನು ನಾಲ್ಕು ಅಡಿಯವರೆಗೆ ಕೆತ್ತಿಸಿ, ನೀರು ತಡೆಯುವ ರಾಸಾಯನಿಕ ಬೆರೆಸಿದ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ. ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್. ₹9,000 ಆಯಿತು. ಒಂದು ವಾರದ ಕೆಲಸ. ನೋಡಲು ಹೊಸ ಮನೆಯಂತೆ ಇತ್ತು, ಬಾಡಿಗೆದಾರರೂ ಸಂತೋಷಪಟ್ಟರು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕರೆ ಮಾಡಿ ಬರಹೇಳಿದರು. ಹೋಗಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದೆ. ಖಾಲಿ ಡಬ್ಬಿ ತಟ್ಟಿದ ಸದ್ದು. ಕೀಲಿಕೈಯಿಂದ ಒಂದು ಅಂಚನ್ನು ಮೀಟಿದಾಗ ತಟ್ಟೆಯಗಲದ ಹಪ್ಪಳೆ ಕಳಚಿ ಕೈಗೆ ಬಂತು. ಅದರ ಬೆನ್ನಿಗೆ ಇಟ್ಟಿಗೆಯ ಮುಖವೂ ಅರ್ಧ ಅಂಗುಲ ಕಿತ್ತುಕೊಂಡು ಬಂದಿತ್ತು, ನಡುವೆ ಹತ್ತಿಯಂಥ ಬಿಳಿ ಉಪ್ಪು. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಕಿತ್ತುಹೋದ ಪ್ಲಾಸ್ಟರ್ ಮತ್ತೆ ಹಾಕಬಹುದು, ಎಪ್ಪತ್ತು ಎಂಬತ್ತು ವರ್ಷದ ಇಟ್ಟಿಗೆ ಮತ್ತೆ ಬರುವುದಿಲ್ಲ. ಸಿಮೆಂಟ್ ಬಿಗಿ, ಒಳಗಿನ ಇಟ್ಟಿಗೆ ಮೆದು. ನೀರು ಹೊರಬರಲು ದಾರಿಯಿಲ್ಲದೆ ಉಪ್ಪು ಅವೆರಡರ ನಡುವೆಯೇ ಹರಳುಗಟ್ಟಿ, ಹಿಗ್ಗಿ, ಮೆದು ಇರುವುದನ್ನು ಒಡೆಯುತ್ತದೆ. ಅಷ್ಟಾದರೂ ಕೆಲಸದವರ ಮಾತು ಕೇಳಿ ಇನ್ನೊಮ್ಮೆ ₹7,500 ಕೊಟ್ಟು ತೇಪೆ ಹಾಕಿಸಿದೆ. ಅದೂ ನಿಲ್ಲಲಿಲ್ಲ.

ಟೈಲ್ಸ್ ಬಗ್ಗೆ ಹೇಳಲು ಹೆಚ್ಚಿಲ್ಲ. 2020ರಲ್ಲಿ ಅಡುಗೆಮನೆಗೆ ನಾಲ್ಕು ಅಡಿ ಎತ್ತರಕ್ಕೆ ಹಾಕಿಸಿದೆ, ₹21,000. ಒಗ್ಗರಣೆ ಸಿಡಿದರೆ ಒರೆಸಿದರೆ ಸಾಕು, ಅಡುಗೆ ಮಾಡುವವರಿಗೆ ಇದಕ್ಕಿಂತ ಅನುಕೂಲವಿಲ್ಲ. ಆದರೆ ಮೊದಲು ಎರಡೂವರೆ ಅಡಿಯಲ್ಲಿ ನಿಲ್ಲುತ್ತಿದ್ದ ತೇವದ ಗೆರೆ ಈಗ ಟೈಲ್ಸ್ ದಾಟಿ ಐದು ಅಡಿಯಲ್ಲಿ, ಮಸಾಲೆ ಡಬ್ಬಿಗಳ ಗೂಡಿನ ಪಕ್ಕದಲ್ಲಿ ಕಾಣಿಸುತ್ತಿದೆ. ರೋಗ ವಾಸಿಯಾಗಿಲ್ಲ, ಮೇಲಕ್ಕೆ ಹತ್ತಿದೆ.

2022ರಲ್ಲಿ ನಡುಮನೆಗೆ ಸುಣ್ಣದ ಗಾರೆ ಮಾಡಿಸಿದೆ. ನಂಜನಗೂಡು ಕಡೆಯ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕಿದ್ದು ನನ್ನ ಪುಣ್ಯ. ಹಳೆಯ ದೇವಸ್ಥಾನಗಳಲ್ಲಿ ಕೆಲಸ ಮಾಡಿದ ಕೈ ಅವರದು. ಸುಟ್ಟ ಸುಣ್ಣದ ಕಲ್ಲನ್ನು ಕಬ್ಬಿಣದ ಅರ್ಧ ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿದರು. ಸುಣ್ಣದ ಮೇಲೆ ನೀರು ಸುರಿಯಬಾರದು, ನೀರಿಗೇ ಸುಣ್ಣ ಹಾಕಬೇಕು, ಇಲ್ಲವಾದರೆ ಸಿಡಿದು ಕಣ್ಣಿಗೆ ಬೀಳುತ್ತದೆ ಎಂದು ನನ್ನನ್ನು ದೂರ ನಿಲ್ಲಿಸಿದರು. ಒಲೆಯಿಲ್ಲದೆಯೇ ಡ್ರಮ್ಮು ಕೊತಕೊತ ಕುದಿಯಿತು. ಅರಳಿದ ಸುಣ್ಣವನ್ನು ಜರಡಿ ಹಿಡಿದು ಮೂರು ವಾರ ನೀರಿನಡಿ ಬಿಟ್ಟೆವು. ಆಮೇಲೆ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ ಅಂದರೆ ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಕಲಸುವುದಕ್ಕೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಮೊದಲೆಲ್ಲ ಇದನ್ನು ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಅರೆಯುತ್ತಿದ್ದರು, ನಾವು ಕಾಲಿನಿಂದ ತುಳಿಸಿದೆವು.

ಸುಣ್ಣದ ನಿಜವಾದ ತೊಡಕು ಇರುವುದು ಹಣದಲ್ಲಲ್ಲ, ದಿನಗಳಲ್ಲಿ. ಬಾಡಿಗೆ ಮನೆಯವರಿಗೆ ದಿನವೆಂದರೆ ಹಣವೇ ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಹಳೆಯ ಸಿಮೆಂಟ್ ಕಿತ್ತ ಮೇಲೆ ಗೋಡೆಯನ್ನು ಬೋಳಾಗಿಯೇ ಮೂರು ವಾರ ಒಣಗಲು ಬಿಟ್ಟೆವು. ಆ ಮೂರು ವಾರವೂ ಉಪ್ಪು ಹೊರಗೆ ಬರುತ್ತಲೇ ಇತ್ತು. ದಿನ ಬಿಟ್ಟು ದಿನ ಒಣ ಬ್ರಷ್ಷಿನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ಹೊರಗೆ ಹಾಕಬೇಕು. ಆಮೇಲೆ ಮೊದಲ ಪದರ, ಹತ್ತು ದಿನ ಕಾಯುವುದು, ಎರಡನೆಯ ಪದರ, ಮತ್ತೆ ಎರಡು ವಾರ. ಸಿಮೆಂಟ್ ನೀರಿನೊಡನೆ ಸೇರಿ ಗಟ್ಟಿಯಾಗುತ್ತದೆ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಅವಸರ ಮಾಡಿದರೆ ಬಿರುಕು ಖಂಡಿತ.

ನಾನು ಮೊದಲು ಈ ಕೆಲಸವನ್ನು ಆಷಾಢಕ್ಕೆ ಇಟ್ಟುಕೊಂಡಿದ್ದೆ. ಆಷಾಢದಲ್ಲಿ ನಮ್ಮ ಕಡೆ ಹೊಸ ಮನೆಗೆ ಬರುವವರು ಕಡಿಮೆ, ಹೇಗೂ ಖಾಲಿ ಇರುತ್ತದೆ ಎಂಬ ಲೆಕ್ಕ. ಮೇಸ್ತ್ರಿ ಒಪ್ಪಲಿಲ್ಲ. ಮಳೆಗಾಲದಲ್ಲಿ ಬೋಳು ಗೋಡೆ ಒಣಗುವುದಿಲ್ಲ, ಒಣಗದ ಗೋಡೆಗೆ ಗಾರೆ ಹಚ್ಚುವುದಿಲ್ಲ ಎಂದರು. ಹಾಗಾಗಿ ಶಾಲೆಗಳಿಗೆ ರಜೆ ಬರುವ ಹೊತ್ತಿಗೆ ಹಳಬರು ಬಿಟ್ಟು, ಜೂನ್ ಮೊದಲ ವಾರ ಹೊಸಬರು ಬರುವ ನಡುವಿನ ಏಪ್ರಿಲ್, ಮೇ ತಿಂಗಳುಗಳನ್ನು ಹಿಡಿದೆವು. ಬೇಸಿಗೆಯಲ್ಲಿ ಗೋಡೆ ಬೇಗ ಒಣಗುತ್ತದೆ. ಆದರೆ ಹಚ್ಚಿದ ಗಾರೆ ಮಾತ್ರ ಬೇಗ ಒಣಗಬಾರದು! ಒದ್ದೆ ಗೋಣಿಚೀಲ ತೂಗುಹಾಕಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಈ ಕೆಲಸವನ್ನು ಬೇರೆಯವರಿಗೆ ವಹಿಸಿದರೆ ಆಗುವುದಿಲ್ಲ. ನನ್ನ ಮನೆ ಅಲ್ಲಿಂದ ಎರಡೇ ಬೀದಿ ಆಚೆ ಇರುವುದರಿಂದ, ಬೆಳಗಿನ ನಡಿಗೆಯ ದಾರಿಯಲ್ಲಿಯೇ ಮಾಡಿ ಮುಗಿಸುತ್ತಿದ್ದೆ. ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇದ್ದು ಮೈಸೂರಿನ ಮನೆ ಬಾಡಿಗೆಗೆ ಕೊಟ್ಟವರು ಈ ಒಂದು ಮಾತನ್ನು ಮೊದಲು ಯೋಚಿಸಬೇಕು.

ಖರ್ಚು ₹24,000. ಮನೆ ಒಂದು ತಿಂಗಳು ಹೆಚ್ಚಿಗೆ ಖಾಲಿ ಉಳಿದದ್ದಕ್ಕೆ ₹14,000 ಬಾಡಿಗೆ ಹೋಯಿತು. ಒಟ್ಟು ₹38,000, ಮೂರರಲ್ಲಿ ಇದೇ ದುಬಾರಿ. ತೆರಿಗೆಯಲ್ಲಿಯೂ ಇದಕ್ಕೆ ಸಮಾಧಾನವಿಲ್ಲ. ಬಾಡಿಗೆ ಆದಾಯದಲ್ಲಿ ಪಾಲಿಕೆಯ ಕಂದಾಯ ಕಳೆದು ಉಳಿದದ್ದಕ್ಕೆ ಸಿಗುವ 30% ಕಡಿತ ಎಲ್ಲರಿಗೂ ಒಂದೇ, ರಿಪೇರಿಗೆ ಒಂದು ಪೈಸೆ ಹಾಕದವರಿಗೂ ಅಷ್ಟೇ, ಲಕ್ಷ ಹಾಕಿದವರಿಗೂ ಅಷ್ಟೇ. ಆದ್ದರಿಂದಲೇ ನಾನು ಎರಡೆರಡು ವರ್ಷಕ್ಕೊಮ್ಮೆ ಮಾಡಿಸುವ ಅಗ್ಗದ ಕೆಲಸಕ್ಕಿಂತ ಒಮ್ಮೆ ಮಾಡಿಸಿ ಮರೆಯುವ ಕೆಲಸಕ್ಕೆ ಒಲಿಯುತ್ತೇನೆ. ನಡುಮನೆಯ ಗೋಡೆಗೆ ಅಂದಿನಿಂದ ಮಾಡಿಸಿದ್ದು ಒಂದು ಸಲ ಸುಣ್ಣ ಬಳಿಸಿದ್ದು ಮಾತ್ರ, ₹1,800. ಮಳೆಗಾಲದಲ್ಲಿ ಬುಡದ ಬಣ್ಣ ಸ್ವಲ್ಪ ಮಂಕಾಗುತ್ತದೆ, ದೀಪಾವಳಿಯ ಹೊತ್ತಿಗೆ ತಾನಾಗಿಯೇ ಬೆಳ್ಳಗಾಗುತ್ತದೆ. ಬೂಷ್ಟಿನ ವಾಸನೆ ಹೋಗಿದೆ.

ಬಾಡಿಗೆದಾರರಿಗೆ ಇದನ್ನು ಒಪ್ಪಿಸುವುದು ಸ್ವಲ್ಪ ಕಷ್ಟ. ಒರಗಿದರೆ ಬಟ್ಟೆಗೆ ಬಿಳಿ ಹತ್ತುತ್ತದೆ ಎಂಬುದು ನಿಜ. ಸುಣ್ಣದ ಗಾರೆಯಲ್ಲಿ ಕಟ್ಟಿದ ಮೈಸೂರಿನ ಹಳೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದುದನ್ನು ಕಂಡವರು ಸುಣ್ಣದ ಮನೆ ಗಟ್ಟಿಯೇ ಎಂದು ಕೇಳುವುದೂ ಉಂಟು. ಗೋಡೆಯನ್ನು ತಟ್ಟಿ ನೋಡಿ ಎನ್ನುತ್ತೇನೆ. ಈಗ ಕರಾರುಪತ್ರದಲ್ಲಿ ಎರಡು ಸಾಲು ಸೇರಿಸಿದ್ದೇನೆ: ನಡುಮನೆಗೆ ಪ್ಲಾಸ್ಟಿಕ್ ಪೇಂಟ್ ಬಳಿಯಬಾರದು, ಬೀರು ಗೋಡೆಯಿಂದ ನಾಲ್ಕು ಬೆರಳು ದೂರವಿರಬೇಕು. ಪೇಂಟ್ ಬಳಿದರೆ ಗೋಡೆಯ ಬಾಯಿ ಮತ್ತೆ ಮುಚ್ಚಿದಂತೆಯೇ.

ಮೂರಕ್ಕೂ ಮೊದಲು ಹೊರಗಿನ ಕಟ್ಟೆ ನೋಡಿ. ಗೋಡೆಗೆ ತಾಗಿಸಿ ಸಿಮೆಂಟ್ ಹಾಸಿದ್ದರೆ ಎರಡಡಿ ಅಗಲ ಕೀಳಿಸಿ ಜಲ್ಲಿ ತುಂಬಿಸಿ. ನನಗೆ ₹3,000ದಲ್ಲಿ ಆದ ಈ ಕೆಲಸವೇ ಅರ್ಧ ಲಾಭ ಕೊಟ್ಟಿತು.

ಬಚ್ಚಲಿಗೆ ನಾನು ಟೈಲ್ಸನ್ನೇ ಹಾಕಿಸುತ್ತೇನೆ. ಮಹಡಿಯ ಮೇಲೆ ನಂತರ ಕಟ್ಟಿದ ಸಿಮೆಂಟ್ ಗೋಡೆಗಳಿಗೆ ಸಿಮೆಂಟೇ ಸರಿ. ಮಣ್ಣಿನ ಗಾರೆಯ ಹಳೆಯ ಗೋಡೆಗೆ ಮಾತ್ರ, ಕೈಯಲ್ಲಿ ಎರಡು ತಿಂಗಳಿದ್ದು ದಿನಕ್ಕೆರಡು ಸಲ ಹೋಗಿ ನೋಡುವ ಅನುಕೂಲವಿದ್ದರೆ, ಸುಣ್ಣ ಬಿಟ್ಟು ಬೇರೆ ಯೋಚನೆ ಬೇಡ. ಮುಂದಿನ ಕೋಣೆಯ ಸಿಮೆಂಟನ್ನು ಈ ಬೇಸಿಗೆಯಲ್ಲಿ ಕೀಳಿಸುತ್ತಿದ್ದೇನೆ. ಬಾಡಿಗೆದಾರರು ಮಾರ್ಚ್ ಕೊನೆಗೆ ಬಿಡುತ್ತಾರೆ. ಸುಣ್ಣವನ್ನು ಹಿತ್ತಲಿನ ಡ್ರಮ್ಮಿನಲ್ಲಿ ಈಗಾಗಲೇ ನೆನೆಹಾಕಿದ್ದಾಗಿದೆ.