ಕಾರಿನ ತಳಕ್ಕೆ ರಬ್ಬರ್ ಲೇಪವೋ, ಮೇಣದ ಲೇಪವೋ?

ಕರಾವಳಿಯ ಉಪ್ಪುಗಾಳಿ, ತಿಂಗಳುಗಟ್ಟಲೆ ಸುರಿಯುವ ಮಳೆ ಎರಡೂ ಸೇರಿ ಕಾರಿನ ತಳವನ್ನು ತಿನ್ನುವುದರಿಂದ, ಮಂಗಳೂರು, ಉಡುಪಿಯ ಕಡೆಯವರಿಗೆ ಈ ಆಯ್ಕೆ ತಪ್ಪಿದ್ದಲ್ಲ.

ಪೆಟ್ಟು ತಾಳುವುದರಲ್ಲಿ ರಬ್ಬರ್ ಅಥವಾ ಡಾಂಬರು ಆಧಾರಿತ ದಪ್ಪ ಲೇಪವೇ ಮುಂದು. ಚಕ್ರದಿಂದ ಸಿಡಿಯುವ ಜಲ್ಲಿಯನ್ನು ತಡೆದು ಸದ್ದನ್ನೂ ತುಸು ತಗ್ಗಿಸುತ್ತದೆ. ಆದರೆ ಅದು ಬಿರುಕು ಬಿಟ್ಟರೆ ನೀರು ಒಳಸೇರಿ, ಮೇಲೆ ಕಪ್ಪಗೆ ಮಿರುಗುತ್ತಿರುವಾಗಲೇ ಒಳಗೆ ತುಕ್ಕು ಹಬ್ಬುತ್ತದೆ. ಅಂಥ ಕಡೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕೆದಕಿದರೆ ಲೇಪದೊಡನೆ ಕಂದು ಹಕ್ಕಳೆಯೂ ಉದುರುತ್ತದೆ. ಮೇಣದ ಲೇಪ ಗಟ್ಟಿಯಾಗದೆ ಮೆತ್ತಗೇ ಉಳಿದು, ಬೆಸುಗೆಯ ಸಂದುಗಳಿಗೂ ಟೊಳ್ಳು ಭಾಗಗಳಿಗೂ ಇಳಿಯುತ್ತದೆ. ನೀರಿನ ರಭಸಕ್ಕೆ ತೊಳೆದುಹೋಗುವುದರಿಂದ ಪ್ರತಿವರ್ಷ ಪರೀಕ್ಷಿಸಿ, ಬೇಕಾದಲ್ಲಿ ಮತ್ತೆ ಹಚ್ಚಬೇಕು. ಖರ್ಚನ್ನು ಲೆಕ್ಕ ಹಾಕುವಾಗ ಈ ಮರುಲೇಪವನ್ನೂ ಸೇರಿಸಿಕೊಳ್ಳಿ.

ತಳ ಸ್ವಚ್ಛವಾಗಿರುವ, ಜಲ್ಲಿರಸ್ತೆಯಲ್ಲಿ ಓಡುವ ಹೊಸ ಕಾರಿಗೆ ರಬ್ಬರ್ ಒಪ್ಪುತ್ತದೆ. ಈಗಾಗಲೇ ತುಕ್ಕಿನ ಕಲೆಗಳಿರುವ ಹಳೆಯ ಕಾರಿಗೆ ತಂತಿ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್ ಎಂಬ ಅಡಿಲೇಪ ಬಳಿದು, ಮೇಣವನ್ನೇ ಹಚ್ಚಿಸುವುದು ಲೇಸೆಂದು ನನ್ನ ಅಭಿಪ್ರಾಯ. ಒಳಗಿನ ಕಾರ್ಪೆಟ್ಟಿನಡಿಯ ನೆಲಕ್ಕೆ ಇವೆರಡೂ ಬೇಡ, ಎಪಾಕ್ಸಿ ಎಂಬ ಗಟ್ಟಿ ರಾಳದ ಪ್ರೈಮರಿನ ಮೇಲೆ ಬಣ್ಣ ಸಾಕು. ಯಾವುದನ್ನೇ ಹಚ್ಚಿಸಿದರೂ ನೀರು ಬಸಿಯುವ ತೂತುಗಳು ಮುಚ್ಚಿಹೋಗದಂತೆ, ಸೈಲೆನ್ಸರ್ ಮತ್ತು ಬ್ರೇಕಿನ ಭಾಗಗಳಿಗೆ ತಾಗದಂತೆ ಎದುರಿಗೆ ನಿಂತು ನೋಡಿಕೊಳ್ಳಿ.