ಒಂದು ಕೋಣೆ, ಎರಡು ಪ್ಲಗ್ಗು, ನಾಲ್ಕು ಮಳೆಗಾಲ: ಪುಟ್ಟ ಕುಕ್ಕರ್, ಕೆಟಲ್‌ಗಳ ಜೊತೆ ನನ್ನ ಅನುಭವ

ಕಾರವಾರದ ಕಾಜುಬಾಗದಲ್ಲಿ ನನ್ನದು ಒಂದೇ ಕೋಣೆ. ಹತ್ತಡಿ ಉದ್ದ, ಒಂಬತ್ತಡಿ ಅಗಲ. ಬಚ್ಚಲು ಒಳಗೇ ಇದೆ, ಅಡುಗೆಮನೆ ಇಲ್ಲ. ಮನೆ ಯಜಮಾನರು ಮೊದಲ ದಿನವೇ ಹೇಳಿದ್ದರು: "ಗ್ಯಾಸ್ ಸಿಲಿಂಡರ್ ಇಡಬೇಡಿ. ಕರೆಂಟಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ." 2022ರ ಜೂನ್‌ನಲ್ಲಿ ಶಿರಸಿಯಿಂದ ಕೆಲಸಕ್ಕೆಂದು ಬಂದವಳು ನಾನು. ಅಲ್ಲಿಂದ ನಾಲ್ಕು ಮಳೆಗಾಲ ಕಳೆದವು. ಅಷ್ಟರಲ್ಲಿ ಆರು ಪುಟ್ಟ ಉಪಕರಣ ಕೊಂಡಿದ್ದೇನೆ. ಎರಡನ್ನು ದಿನಾ ಬಳಸುತ್ತೇನೆ. ಒಂದು ಪ್ರಯಾಣಕ್ಕೆ ಮಾತ್ರ. ಒಂದನ್ನು ಬೇರೆಯವರಿಗೆ ಕೊಟ್ಟೆ, ಒಂದು ಕೆಟ್ಟುಹೋಯಿತು, ಇನ್ನೊಂದು ಕಪಾಟು ಸೇರಿದೆ.

ಕೊಳ್ಳುವ ಮೊದಲು ನಾನೂ ಬೇಕಾದಷ್ಟು ವಿಮರ್ಶೆ ಓದಿದ್ದೆ. ಹೆಚ್ಚಿನವು ಪೆಟ್ಟಿಗೆ ಒಡೆದ ವಾರದಲ್ಲೇ ಬರೆದವು. ನಮ್ಮ ಕರಾವಳಿಯ ಉಪ್ಪು ಗಾಳಿ ಏನು ಮಾಡುತ್ತದೆ ಅನ್ನುವುದು ಎರಡನೇ ವರ್ಷಕ್ಕೆ ಗೊತ್ತಾಗುತ್ತದೆ. ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ. ಒಂದೇ ಮಾದರಿಯ ವಸ್ತು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಹಾಗಾಗಿ ಕಂಪನಿ ಹೆಸರು ಬಿಟ್ಟು ವಸ್ತು ಹೇಗಿರಬೇಕು ಅಂತಲೇ ಹೇಳುತ್ತೇನೆ.

ಮೊದಲು ಕುಕ್ಕರ್. ಇದು ನನ್ನ ಕೋಣೆಯ ಜೀವ. 1.2 ಲೀಟರ್, 500 ವ್ಯಾಟ್, ಗಾಜಿನ ಮುಚ್ಚಳ, ಒಳಗೆ ಸ್ಟೀಲ್ ಪಾತ್ರೆ. ನಾನು ಕೊಂಡಾಗ 1,450 ರೂಪಾಯಿ. ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಒಂದೇ ವಿಷಯ: ಪಾತ್ರೆ ಬೇರೆ, ಬಿಸಿಯಾಗುವ ತಳ ಬೇರೆ. ಪಾತ್ರೆಯನ್ನು ಎತ್ತಿ ನಲ್ಲಿ ಕೆಳಗೆ ಹಿಡಿದು ತಿಕ್ಕಿ ತೊಳೆಯಬಹುದು. ನನ್ನ ಪಕ್ಕದ ಕೋಣೆಯವರು ಪಾತ್ರೆ, ತಳ ಎರಡೂ ಅಂಟಿಕೊಂಡೇ ಇರುವ ಮಾದರಿ ತಂದಿದ್ದರು. ನೋಡಲು ಅದೇ ಚೆಂದ. ಆದರೆ ತೊಳೆಯುವಾಗ ಎಷ್ಟು ಜಾಗ್ರತೆ ಮಾಡಿದರೂ ಪ್ಲಗ್ ಸಿಕ್ಕಿಸುವ ಜಾಗಕ್ಕೆ ನೀರು ಇಳಿಯುತ್ತದೆ. ಎಂಟು ತಿಂಗಳಿಗೆ ಅಲ್ಲಿನ ಪಿನ್ನುಗಳು ಹಸಿರುಗಟ್ಟಿದವು. ಮೇಲಾಗಿ ಅದರ ಒಳಗೆ ನಾನ್‌ಸ್ಟಿಕ್ ಲೇಪ. ಸ್ಟೀಲ್ ಚಮಚ ತಾಗಿ ತಾಗಿ ಅದು ಎದ್ದುಬಂತು. ನನ್ನ ಸ್ಟೀಲ್ ಪಾತ್ರೆಯಲ್ಲಿ ತಳ ಹಿಡಿಯುತ್ತದೆ ನಿಜ, ರಾತ್ರಿ ನೀರು ಹಾಕಿಟ್ಟರೆ ಬೆಳಿಗ್ಗೆ ಬಿಟ್ಟುಕೊಳ್ಳುತ್ತದೆ.

ಬೆಳ್ತಿಗೆ ಅಕ್ಕಿಯ ಅನ್ನ ಸುಲಭ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಇಪ್ಪತ್ತು ನಿಮಿಷ. ಕುಚಲಕ್ಕಿ ಗಂಜಿಯದೇ ಕಷ್ಟ. ಒಲೆಯ ಮೇಲೇ ಅದು ಬೇಯಲು ಹೊತ್ತು ಬೇಕು, ಅಂಥದ್ದರಲ್ಲಿ ಈ ಸಣ್ಣ ಪಾತ್ರೆ! ಮೊದಲ ಸಲ ನೊರೆ ಉಕ್ಕಿ, ಮುಚ್ಚಳ ಟಕಟಕ ಕುಣಿದು, ಗಂಜಿ ತಿಳಿಯೆಲ್ಲ ತಳಕ್ಕೆ ಇಳಿದು ಸುಟ್ಟ ವಾಸನೆ ಬಂದಿತ್ತು. ಈಗ ರೂಢಿಯಾಗಿದೆ. ರಾತ್ರಿಯೇ ಅರ್ಧ ಲೋಟ ಕುಚಲಕ್ಕಿ ನೆನೆಸಿಡುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಪಾತ್ರೆಯ ಅರ್ಧದವರೆಗೆ ನೀರು ಹಾಕಿ ಹಚ್ಚುತ್ತೇನೆ. ಪಾತ್ರೆಯ ಬಾಯಿಗೆ ಅಡ್ಡಲಾಗಿ ಒಂದು ಮರದ ಸೌಟು ಇಟ್ಟು, ಅದರ ಮೇಲೆ ಮುಚ್ಚಳ ಒರಗಿಸುತ್ತೇನೆ. ನೊರೆ ಏರಿ ಬಂದು ಸೌಟಿಗೆ ತಾಗಿ ಒಡೆಯುತ್ತದೆ, ಮತ್ತೆ ಏರುತ್ತದೆ, ಮತ್ತೆ ಒಡೆಯುತ್ತದೆ. ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಸೌಟು ತೆಗೆದು ಮುಚ್ಚಳ ಸರಿಯಾಗಿ ಮುಚ್ಚುತ್ತೇನೆ. ಸ್ನಾನ, ಕಸ ಗುಡಿಸುವುದು, ಬಟ್ಟೆ ಎಲ್ಲ ಮುಗಿಯುವ ಹೊತ್ತಿಗೆ ಅರ್ಧ ಗಂಟೆ. ಆ ಬಿಸಿಯಲ್ಲೇ ಅಕ್ಕಿ ಅರಳಿರುತ್ತದೆ. ಆಮೇಲೆ ಹದಿನೈದು ನಿಮಿಷ ಮತ್ತೆ ಕುದಿಸಿದರೆ ಆಯಿತು. ಮಿಡಿ ಉಪ್ಪಿನಕಾಯಿ ಒಂದಿದ್ದರೆ ಬೇರೇನೂ ಬೇಡ.

ಆಯಿ, ಅಂದರೆ ನನ್ನ ಅಮ್ಮ, ಮೊದಲ ಸಲ ಕಾರವಾರಕ್ಕೆ ಬಂದಾಗ ಇದನ್ನು ತಿರುಗಿಸಿ ತಿರುಗಿಸಿ ನೋಡಿದ್ದಳು. "ಇಷ್ಟ್ ಸಣ್ಣದ್ರಲ್ಲಿ ಎಂತ ಬೇಯ್ತೇ ಕೂಸೆ?" ಅಂತ ಕೇಳಿದ್ದಳು. ಮರುದಿನ ಬೆಳಿಗ್ಗೆ ಎರಡು ಬಟ್ಟಲು ಗಂಜಿ ಉಂಡಳು. ಊರಿಗೆ ಹೋಗುವಾಗ ಅಜ್ಜನ ಕೋಣೆಗೂ ಇಂಥದ್ದೊಂದು ಬೇಕು ಅಂದಳು. ರಾತ್ರಿ ಕೆಮ್ಮು ಬಂದರೆ ಎದ್ದು ಒಲೆ ಹಚ್ಚುವುದು ತಪ್ಪುತ್ತದೆ, ಅಲ್ವಾ.

ಈ ಕುಕ್ಕರ್ ಎಷ್ಟು ಬೇಕು ಅಂತ ನನಗೆ ಗೊತ್ತಾಗಿದ್ದು 2024ರ ಜುಲೈನಲ್ಲಿ. ಆ ತಿಂಗಳು 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಯಿತು. ಜೀವಗಳೂ ಹೋದವು. ಅಂಕೋಲಾ, ಕುಮಟಾ ಮೇಲೆ ಊರಿಗೆ ಹೋಗುವ ನನ್ನ ಎಂದಿನ ದಾರಿ ಅದೇ. ಯಲ್ಲಾಪುರ ಸುತ್ತಿ ಹೋಗಬಹುದಿತ್ತು, ಆದರೆ ಆ ಮಳೆಯಲ್ಲಿ ಘಟ್ಟ ಹತ್ತುವುದು ಬೇಡವೇ ಬೇಡ ಅಂದಳು ಆಯಿ. ಪ್ರತಿ ವಾರ ಊರಿಂದ ತರುತ್ತಿದ್ದ ಸಾರಿನಪುಡಿ, ಚಟ್ನಿಪುಡಿ, ಕಾಯಿ ಎಲ್ಲ ಖಾಲಿ. ಹೊರಗೆ ಹೋಗಿ ಉಣ್ಣಲು ಮಳೆ ಬಿಡಲಿಲ್ಲ, ಮನಸ್ಸೂ ಇರಲಿಲ್ಲ. ಎರಡು ವಾರ ಈ 1.2 ಲೀಟರ್ ಪಾತ್ರೆಯಲ್ಲೇ ಅನ್ನ, ತೊವ್ವೆ, ಉಪ್ಪಿಟ್ಟು, ಗಂಜಿ ಮಾಡಿಕೊಂಡೆ. ಬಿಸಿ ಬಿಸಿ ಉಣ್ಣುವುದು ಎಂಥ ಧೈರ್ಯ ಕೊಡುತ್ತದೆ ಅಂತ ಆಗ ಗೊತ್ತಾಯಿತು.

ಒಂದೇ ತೊಂದರೆ, ಮಳೆಗಾಲದ ವೋಲ್ಟೇಜು. 230 ಇರಬೇಕಾದ ಜಾಗದಲ್ಲಿ 180 ಬಂದರೆ ಬಿಸಿ ಸ್ವಲ್ಪ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಕಾಯಿಲ್ ಇರುವ ಉಪಕರಣದಲ್ಲಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ) ತಕ್ಕಂತೆ ಶಕ್ತಿ ಇಳಿಯುತ್ತದೆ. 500 ವ್ಯಾಟಿನದು ಹೆಚ್ಚುಕಡಿಮೆ 300 ವ್ಯಾಟ್ ಆಗಿಬಿಡುತ್ತದೆ. ಅಂಥ ದಿನ ಅನ್ನ ಅರ್ಧ ಬೆಂದು ಕೂತಿರುತ್ತದೆ. ಕುಕ್ಕರ್ ಕೆಟ್ಟಿಲ್ಲ, ಕಾಯಬೇಕು ಅಷ್ಟೆ.

ಎರಡನೆಯದು ಸ್ಟೀಲ್ ಕೆಟಲ್, ಅರ್ಧ ಲೀಟರಿನದು, 600 ವ್ಯಾಟ್. ಅರ್ಧ ಲೀಟರ್ ನೀರು ಐದು ನಿಮಿಷದಲ್ಲಿ ಕುದಿಯುತ್ತದೆ. ಕುದಿದ ಮೇಲೆ ತಾನೇ ಆರುತ್ತದೆ. ಹೇಗೆ ಅಂತ ಒಂದು ಸಲ ಕುತೂಹಲದಿಂದ ವಿಚಾರಿಸಿದ್ದೆ. ನೀರು ಕುದ್ದಾಗ ಆವಿ ಒಂದು ಸಣ್ಣ ದಾರಿಯಲ್ಲಿ ಸ್ವಿಚ್ಚಿನ ಹತ್ತಿರ ಬರುತ್ತದೆ. ಅಲ್ಲಿ ಎರಡು ಲೋಹ ಅಂಟಿಸಿದ ಒಂದು ತೆಳು ತಗಡು ಇರುತ್ತದೆ. ಬಿಸಿಗೆ ಅದು ಬಾಗಿ ಸ್ವಿಚ್ ತಳ್ಳುತ್ತದೆ. ಮುಚ್ಚಳ ಸರಿಯಾಗಿ ಹಾಕದಿದ್ದರೆ ಆವಿ ಮೇಲೆ ಹೋಗಿಬಿಡುತ್ತದೆ, ಕೆಟಲ್ ಆರುವುದೇ ಇಲ್ಲ. ನಾನೊಮ್ಮೆ ಹಾಗೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ನೀರು ಮುಕ್ಕಾಲು ಪಾಲು ಆರಿತ್ತು, ಗೋಡೆಯೆಲ್ಲ ಒದ್ದೆ. ಅಂದಿನಿಂದ ಮುಚ್ಚಳ 'ಟಕ್' ಅಂದಿದ್ದು ಕೇಳಿಸಿಕೊಂಡೇ ಸ್ವಿಚ್ ಒತ್ತುತ್ತೇನೆ.

ನಮ್ಮ ಬಾವಿ ನೀರು ಗಡಸು. ಎರಡು ತಿಂಗಳಿಗೆ ಕೆಟಲ್ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂರುತ್ತದೆ. ಅದನ್ನು ಕೆರೆಯಬೇಡಿ. ಒಂದು ಲಿಂಬೆಹಣ್ಣು ಹಿಂಡಿ, ನೀರು ಹಾಕಿ ಕುದಿಸಿ, ಒಂದು ತಾಸು ಬಿಡಿ. ಪದರ ಚೂರು ಚೂರಾಗಿ ಎದ್ದು ತೇಲುತ್ತದೆ. ಹಾಲನ್ನಂತೂ ಇದರಲ್ಲಿ ಕಾಯಿಸಲೇಬಾರದು. ತಳ ಹಿಡಿದು ಕರಕಲಾಗುತ್ತದೆ, ಉಕ್ಕಿದರೆ ಸ್ವಿಚ್ಚಿನ ಒಳಗೇ ಹೋಗುತ್ತದೆ. ಕಷಾಯಕ್ಕೆ ನೀರು ಮಾತ್ರ ಇಲ್ಲಿ, ಪುಡಿ, ಬೆಲ್ಲ, ಹಾಲು ಎಲ್ಲ ಕುಕ್ಕರಿನಲ್ಲಿ. ಮೂರು ವರ್ಷದಲ್ಲಿ ಕೆಟಲ್‌ಗೆ ಬಂದ ಒಂದೇ ರೋಗ ತುಕ್ಕು. ಹಿಡಿಕೆಯ ಎರಡು ತಿರುಪು ಕೆಂಪಾಗಿ ಪುಡಿಯಾದವು. ಕೋಣೆಯ ಕಿಟಕಿ ಸಮುದ್ರದ ಕಡೆಗಿದೆ, ಏನು ಮಾಡುವುದು. ಹಾರ್ಡ್‌ವೇರ್ ಅಂಗಡಿಯಿಂದ ಸ್ಟೀಲ್ ತಿರುಪು ತಂದು ಹಾಕಿದೆ. ಈಗ ಗಟ್ಟಿ.

ಪ್ರಯಾಣಕ್ಕೆ ಮಡಚುವ ಸಿಲಿಕೋನ್ ಕೆಟಲ್. ಮಡಚಿದರೆ ಅಂಗೈ ದಪ್ಪ, ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಮೊದಲ ವಾರ ರಬ್ಬರ್ ವಾಸನೆ ಬರುತ್ತಿತ್ತು. ಲಿಂಬೆ ಸಿಪ್ಪೆ ಹಾಕಿ ನಾಲ್ಕು ಸಲ ಕುದಿಸಿ ಚೆಲ್ಲಿದ ಮೇಲೆ ಹೋಯಿತು. ಇದರ ತಳದಲ್ಲಿ 110 ಮತ್ತು 220 ವೋಲ್ಟ್ ಅಂತ ಒಂದು ಸಣ್ಣ ಗುಂಡಿ ಇದೆ. ದಯವಿಟ್ಟು ಇದನ್ನು ಪ್ರತಿ ಸಲ ನೋಡಿ. ಬ್ಯಾಗಿನಲ್ಲಿ ಉಜ್ಜಿ ಅದು 110ಕ್ಕೆ ಸರಿದಿದ್ದು ತಿಳಿಯದೆ ನಮ್ಮ ಕರೆಂಟಿಗೆ ಹಾಕಿದರೆ ನಾಲ್ಕು ಪಟ್ಟಿಗಿಂತ ಜಾಸ್ತಿ ಶಕ್ತಿ ಎಳೆದು ಸುಟ್ಟುಹೋಗುತ್ತದೆ. ನಾನು ಆ ಗುಂಡಿಯ ಮೇಲೆ ಟೇಪು ಸುತ್ತಿಬಿಟ್ಟಿದ್ದೇನೆ.

ಮುಂಬೈಗೆ ಮತ್ಸ್ಯಗಂಧದಲ್ಲಿ ಹೋಗುವಾಗ ಎದುರಿನ ಸೀಟಿನವರೊಬ್ಬರು "ಇಲ್ಲೇ ನೀರು ಕಾಯಿಸಿ, ಚಹಾ ಮಾಡೋಣ" ಅಂದಿದ್ದರು. ರೈಲಿನ ಪ್ಲಗ್ ಇರುವುದು ಮೊಬೈಲ್, ಲ್ಯಾಪ್‌ಟಾಪ್‌ಗೆ ಮಾತ್ರ. ಅಲ್ಲಿ ಕೆಟಲ್ ಹಚ್ಚುವುದಕ್ಕೆ ನಿಷೇಧ ಇದೆ, ಬೋಗಿಗೇ ಬೆಂಕಿ ಬೀಳುವ ಅಪಾಯ ಇದೆ. ಇಳಿದು ಉಳಿಯುವ ಕೋಣೆಯಲ್ಲಿ ಮಾತ್ರ ಬಳಸಿ. ಎರಡು ವರ್ಷದ ನಂತರ ಸಿಲಿಕೋನು ಮತ್ತು ಸ್ಟೀಲ್ ತಳ ಸೇರುವ ಅಂಚಿನಲ್ಲಿ ತೇವ ಜಿನುಗಲು ಶುರುವಾಗಿದೆ. ದಿನಾ ಬಳಸುವ ವಸ್ತು ಇದಲ್ಲ. ತಿಂಗಳಿಗೆರಡು ಸಲ ಪ್ರಯಾಣ ಮಾಡುವವರಿಗೆ ಸರಿ.

ಇಂಡಕ್ಷನ್ ಒಲೆಯನ್ನು ಆಸೆಪಟ್ಟು ತಂದಿದ್ದೆ. ತಪ್ಪು ಒಲೆಯದಲ್ಲ, ನನ್ನ ಕೋಣೆಯ ಪ್ಲಗ್ಗಿನದು. ಗೋಡೆಯಲ್ಲಿರುವ ಎರಡೂ ಸಾಮಾನ್ಯ 6 ಆಂಪಿಯರ್ ಪ್ಲಗ್ಗು. 230 ವೋಲ್ಟಿನಲ್ಲಿ ಅದು ತಾಳುವುದು 1,380 ವ್ಯಾಟ್. ಒಲೆ 2,000 ವ್ಯಾಟಿನದು, ಅದರ ದಪ್ಪ ಪಿನ್ನು ಇಲ್ಲಿ ಕೂರಲಿಲ್ಲ. ಅಂಗಡಿಯವರು ಒಂದು ಅಡಾಪ್ಟರ್ ಕೊಟ್ಟು "ಏನೂ ಆಗಲ್ಲ" ಅಂದರು. ಹತ್ತನೇ ದಿನ ದೋಸೆ ಹುಯ್ಯುವಾಗ ಮೀನು ಕೊಳೆತಂಥ ವಾಸನೆ. ಪೇಟೆಯ ಕಡೆಯಿಂದ ಇರಬಹುದು ಅಂತ ಸುಮ್ನೆ ಇದ್ದೆ. ಪ್ಲಗ್ ಮುಟ್ಟಿದರೆ ಕೈ ಸುಟ್ಟಿತು. ಅಡಾಪ್ಟರಿನ ಬಿಳಿ ಪ್ಲಾಸ್ಟಿಕ್ ಕಂದಾಗಿ ಒಂದು ಕಡೆ ಕುಸಿದಿತ್ತು. ವೈರು, ಪ್ಲಗ್ಗಿನ ಪ್ಲಾಸ್ಟಿಕ್ ಕಾದಾಗ ಎಷ್ಟೋ ಸಲ ಹಾಗೇ ವಾಸನೆ ಬರುತ್ತದಂತೆ, ಆಮೇಲೆ ವೈರಿಂಗ್ ಮಾಡುವವರು ಹೇಳಿದರು. ಒಲೆಯನ್ನು 16 ಆಂಪಿಯರ್ ಪ್ಲಗ್ ಇರುವ ಗೆಳತಿಗೆ ಕೊಟ್ಟೆ, ಅವಳ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ. ಬಾಡಿಗೆ ಕೋಣೆಯಲ್ಲಿ ಇರುವವರು ಉಪಕರಣದ ಬಣ್ಣ, ಗಾತ್ರ ನೋಡುವ ಮೊದಲು ನಿಮ್ಮ ಗೋಡೆಯ ಪ್ಲಗ್ ನೋಡಿ. 800 ವ್ಯಾಟಿನ ಒಳಗಿನದಾದರೆ ಚಿಂತೆ ಇಲ್ಲ. ಕುಕ್ಕರ್, ಕೆಟಲ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ.

ಚಾರ್ಜ್ ಮಾಡುವ ಪುಟ್ಟ ಮಿಕ್ಸಿ ಹನ್ನೊಂದು ತಿಂಗಳು ಬಾಳಿತು. ಒಂದೆಲಗದ ತಂಬುಳಿ ಮಾಡಿಕೊಳ್ಳುವ ಆಸೆಗೆ ತಂದಿದ್ದೆ. ಹಣ್ಣಿನ ರಸಕ್ಕೆ ಅಡ್ಡಿಯಿಲ್ಲ. ಕಾಯಿತುರಿ ಮಾತ್ರ ನುಣ್ಣಗಾಗುವುದಿಲ್ಲ, ಬ್ಲೇಡಿನ ಸುತ್ತ ಸುತ್ತಿಕೊಂಡು ನಿಲ್ಲುತ್ತದೆ. ಬ್ಲೇಡಿನ ಕೆಳಗಿನ ರಬ್ಬರ್ ಬಳೆಯನ್ನು ತೆಗೆಯಲು ಬರುವುದಿಲ್ಲ, ಮಳೆಗಾಲದಲ್ಲಿ ಅದರೊಳಗೆ ಕಪ್ಪು ಬೂಸಲು ಕಟ್ಟಿತು. ಆಮೇಲೆ ಬ್ಯಾಟರಿಯೂ ಹೋಯಿತು. ಈಗ ತಂಬುಳಿಗೆ ಬೇಕಾದ್ದನ್ನು ಊರಲ್ಲೇ ಗಟ್ಟಿಯಾಗಿ ಬೀಸಿ ಡಬ್ಬಿಗೆ ತುಂಬಿಕೊಂಡು ಬರುತ್ತೇನೆ, ಮೊದಲ ದಿನದ ಊಟಕ್ಕೆ ಆಗುತ್ತದೆ.

ತೇವ ಹೀರುವ ಪುಟ್ಟ ಯಂತ್ರದ ಬಗ್ಗೆ ಎರಡೇ ಮಾತು. ಒಂದು ತಟ್ಟೆ ತಣ್ಣಗಾಗಿ ಅದರ ಮೇಲೆ ಗಾಳಿಯ ತೇವ ಹನಿಗಟ್ಟುವ ಮಾದರಿ. ಜುಲೈನಲ್ಲಿ ಇಡೀ ದಿನ ಓಡಿಸಿದರೆ ಒಂದು ಲೋಟ ನೀರು ಸಿಗುತ್ತದೆ. ಬಟ್ಟೆ ಒಣಗುವುದಿಲ್ಲ, ಗೋಡೆಯ ಬೂಸಲೂ ಹೋಗುವುದಿಲ್ಲ. ಮುಚ್ಚಿದ ಕಪಾಟಿನೊಳಗೆ ಇಟ್ಟರೆ ರೇಷ್ಮೆ ಸೀರೆ, ಸರ್ಟಿಫಿಕೇಟುಗಳು ಚೆನ್ನಾಗಿರುತ್ತವೆ, ಅದಕ್ಕೇ ಅಲ್ಲಿಟ್ಟಿದ್ದೇನೆ. ಊರಲ್ಲಿ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದ ಬಟ್ಟೆ ಒಂದೇ ರಾತ್ರಿಗೆ ಒಣಗುತ್ತದೆ. ಅದಕ್ಕೆ ಸಮನಾದ ಪುಟ್ಟ ಉಪಕರಣ ನನಗಿನ್ನೂ ಸಿಕ್ಕಿಲ್ಲ.

ಕರೆಂಟಿನ ಖರ್ಚು ಕೇಳುವವರಿಗೆ: ಕುಕ್ಕರ್ ದಿನಕ್ಕೆ ಮುಕ್ಕಾಲು ಗಂಟೆ, ಕೆಟಲ್ ಮೂರು ಸಲ. ಎರಡೂ ಸೇರಿ ದಿನಕ್ಕೆ ಅರ್ಧ ಯೂನಿಟ್ಟಿನ ಆಚೆ ಈಚೆ, ತಿಂಗಳಿಗೆ ಹದಿನಾರು ಯೂನಿಟ್.

ಮುಂದಿನ ತಿಂಗಳು ತಮ್ಮ ಓದಲು ಧಾರವಾಡಕ್ಕೆ ಹೋಗುತ್ತಿದ್ದಾನೆ. ಹಾಸ್ಟೆಲಿನಲ್ಲಿ ಕುಕ್ಕರ್ ಇಡಲು ಬಿಡುತ್ತಾರೋ ಇಲ್ಲವೋ ಕೇಳಿಕೊಂಡು ಬಾ ಅಂದಿದ್ದೆ. ಬಿಡುವುದಿಲ್ಲವಂತೆ, ಹಾಗಾಗಿ ಕೋಣೆ ಹುಡುಕುತ್ತಿದ್ದಾನೆ. ಅವನಿಗೂ ಇಂಥದ್ದೇ ಕುಕ್ಕರ್ ಕೊಂಡು ಕಟ್ಟಿಟ್ಟಿದ್ದೇನೆ, ಜೊತೆಗೆ ಒಂದು ಮರದ ಸೌಟು. ಕೋಣೆ ನೋಡಲು ಹೋದಾಗ ಪ್ಲಗ್ಗುಗಳ ಫೋಟೋ ಕಳಿಸು ಅಂತ ಹೇಳಿದ್ದೇನೆ. ನಿನ್ನೆ ಮೂರು ಕೋಣೆಯದು ಕಳಿಸಿದ್ದಾನೆ. ಎರಡನೆಯ ಕೋಣೆಯಲ್ಲಿ ಕಿಟಕಿ ಪಕ್ಕ ಒಂದು 16 ಆಂಪಿಯರಿನದು ಕಾಣುತ್ತಿದೆ.